ಸ್ವಂತ ಹಾಡಿನ ಸಂಗ್ರಹ: ಮೊದಲು ಒಂದು ನೋಟ್‌ಬುಕ್ ತನ್ನಿ

ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಹೊಸ ಹೆಡ್‌ಫೋನ್, ಆ್ಯಪ್‌ನ ಚಂದಾ, ಹಾರ್ಡ್‌ಡಿಸ್ಕ್ ಎಲ್ಲ ಆಮೇಲೆ. ಹಾಡು ಕೂಡಿಡಬೇಕು ಅಂತ ಹೊರಟವರಲ್ಲಿ ಜಾಸ್ತಿ ಜನ ಮೊದಲ ದಿನವೇ ಡೌನ್‌ಲೋಡ್‌ಗೆ ಕೂರುತ್ತಾರೆ, ತಿಂಗಳೊಳಗೆ ಎರಡು ಸಾವಿರ ಹಾಡು ಬಂದು ಬೀಳುತ್ತವೆ, ಕೇಳೋದು ಮಾತ್ರ ಅದೇ ಇಪ್ಪತ್ತು. ನನ್ನ ಸೋದರಮಾವನ ಕಾರಿನಲ್ಲಿ ಅಂಥ ಪೆನ್‌ಡ್ರೈವ್ ಒಂದಿದೆ. ಯಾವುದೋ ಮೊಬೈಲ್ ಅಂಗಡಿಯಲ್ಲಿ ತುಂಬಿಸಿಕೊಂಡು ಬಂದದ್ದು. ಹಾಡಿನ ಹೆಸರೆಲ್ಲ 'ಟ್ರ್ಯಾಕ್ 01', 'ಟ್ರ್ಯಾಕ್ 02'. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಅಷ್ಟು ದೂರವೂ ಮಾವ ಮುಂದಿನ ಹಾಡಿನ ಬಟನ್ ಒತ್ತುತ್ತಲೇ ಇರುತ್ತಾರೆ. ಅವರು ಹಾಡುಪ್ರಿಯರು, ಹಳೇ ಹಾಡು ಬಂದರೆ ಕಣ್ಣು ಒದ್ದೆ ಮಾಡಿಕೊಳ್ಳುವಂಥವರು. ಆದರೆ ಆ ಎರಡು ಸಾವಿರದಲ್ಲಿ ಒಂದನ್ನೂ ಅವರು ಆರಿಸಿಲ್ಲ.

ನನ್ನ ಪ್ರಕಾರ ಎರಡನೇ ಸಲ, ಮೂರನೇ ಸಲ ಕೇಳಿ, ಇದು ನನಗೆ ಬೇಕು ಅಂತ ಇಟ್ಟುಕೊಂಡದ್ದಷ್ಟೇ ಸಂಗ್ರಹ. ಮೊದಲ ವರ್ಷ ಐವತ್ತು ಹಾಡು ಸೇರಿದರೂ ಧಾರಾಳವಾಯಿತು.

ಮೊದಲ ವಾರ ಹೊಸದಾಗಿ ಏನನ್ನೂ ಹುಡುಕಬೇಡಿ. ನಿಮ್ಮ ಕಿವಿಯಲ್ಲಿ ಆಗಲೇ ಏನಿದೆ ಅಂತ ಬರೆಯಿರಿ. ಪಾತ್ರೆ ತೊಳೆಯುವಾಗ, ಬೈಕ್ ಓಡಿಸುವಾಗ ತಾನಾಗೇ ಬಾಯಿಗೆ ಬರುವ ಹಾಡು ಯಾವುದು? ಹೆಸರು ಗೊತ್ತಿಲ್ಲದಿದ್ದರೆ ಬೇಡ. ಎಲ್ಲಿ ಕೇಳಿದ್ದು, ಯಾರು ಜೊತೆಗಿದ್ದರು, ಅಷ್ಟು ಸಾಕು. ನನ್ನ ಪಟ್ಟಿ ಹೀಗಿತ್ತು: ಶ್ರಾವಣ ಸೋಮವಾರ ಓಣಿಯ ಗುಡಿಯಲ್ಲಿ ಆಗುತ್ತಿದ್ದ ಭಜನೆ. ಬೆಳಿಗ್ಗೆ ಅಪ್ಪ ಗಡ್ಡ ಹೆರೆದುಕೊಳ್ಳುವಾಗ ಭದ್ರಾವತಿ ಆಕಾಶವಾಣಿಯಲ್ಲಿ ಬರುತ್ತಿದ್ದ ಭಾವಗೀತೆ. ದುಗ್ಗಮ್ಮನ ಜಾತ್ರೆಗೆ ಬಂದ ನಾಟಕ ಕಂಪನಿಯ ಹಾಡು, ಅದೂ ಟೆಂಟಿನ ಹೊರಗೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೇಳಿದ್ದು. ಅಕ್ಕನ ಮದುವೆಯ ಬ್ಯಾಂಡ್‌ಸೆಟ್. ಚಳ್ಳಕೆರೆ ಕಡೆಯ ದೊಡ್ಡಮ್ಮ ಹೇಳುತ್ತಿದ್ದ ಬೀಸೋ ಪದ. ನಡುವೆ ಒಂದಷ್ಟು ಸಿನಿಮಾ ಹಾಡು. ಒಟ್ಟು 34 ಆಯಿತು.

ವಾರ ಕಳೆದ ಮೇಲೆ ಪಟ್ಟಿ ಮುಂದಿಟ್ಟುಕೊಂಡು, ಒಂದೊಂದು ಹಾಡಿನ ಮುಂದೆಯೂ ನಿಮ್ಮನ್ನು ಎಳೆದದ್ದು ಏನು ಅಂತ ಒಂದೇ ಪದ ಬರೆಯಿರಿ. ದನಿಯಾ, ವಾದ್ಯವಾ, ತಾಳವಾ, ಮಾತಾ? ಇಲ್ಲಿ ಅವಸರ ಮಾಡಬೇಡಿ. ಗೊತ್ತಾಗದಿದ್ದರೆ ಹಾಡನ್ನು ಹುಡುಕಿ ಮತ್ತೆ ಕೇಳಿ, ಮೈ ಜುಮ್ ಅನ್ನುವ ಜಾಗ ಬಂದಾಗ ನಿಲ್ಲಿಸಿ, ಆ ಕ್ಷಣದಲ್ಲಿ ಏನು ಕೇಳುತ್ತಿತ್ತು ಅಂತ ನೋಡಿ. ನಾನು ಇಷ್ಟು ವರ್ಷ ನನ್ನನ್ನು ಕುಣಿಯುವ ಹಾಡಿನವನು ಅಂದುಕೊಂಡಿದ್ದೆ. ಬರೆದು ನೋಡಿದರೆ 34ರಲ್ಲಿ 21 ಹಾಡಿನ ಮುಂದೆ 'ಹಾರ್ಮೋನಿಯಂ' ಅಂತ ಇತ್ತು. ಭಜನೆಯಲ್ಲೂ ಅದೇ, ನಾಟಕದಲ್ಲೂ ಅದೇ, ಅಪ್ಪನ ರೇಡಿಯೋದಲ್ಲೂ ಅದೇ. ಹಾಡುವವರು ಉಸಿರು ತಗೊಳ್ಳಲು ನಿಲ್ಲಿಸಿದಾಗ, ಬಿಟ್ಟ ಸಾಲನ್ನು ಹಾರ್ಮೋನಿಯಂ ಹಿಡಿದು ತಿರುಗಿ ಹೇಳುತ್ತದಲ್ಲ, ಆ ಎರಡು ಸೆಕೆಂಡಿಗೆ ನಾನು ಸೋತಿದ್ದೆ.

ಹೀಗೆ ಒಂದು ಎಳೆ ಸಿಕ್ಕಿತು ಅಂದರೆ ಮುಂದಿನ ಹುಡುಕಾಟ ಸಲೀಸು. ನನ್ನ ಎಳೆ ಎಲ್ಲಿಗೆ ಹೋಯಿತು ಅಂತ ಹೇಳುತ್ತೇನೆ, ನಿಮ್ಮದು ಬೇರೆ ಕಡೆ ಹೋಗಬಹುದು. ದಾವಣಗೆರೆಯವರಿಗೆ ನಾಟಕ ಕಂಪನಿ ಹೊಸದಲ್ಲ, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮೂರಿನದೇ. ನಾಟಕದ ಹಾರ್ಮೋನಿಯಂ ಹಿಡಿದು ಹೊರಟರೆ ಗದಗಿಗೆ ಬಂದೆ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು ಅಂತ ಎಲ್ಲರಿಗೂ ಗೊತ್ತು. ಆದರೆ ಆ ಆಶ್ರಮಕ್ಕೆ ನಾಟಕ ಕಂಪನಿಯೂ ಇತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ. ಪಂಚಾಕ್ಷರಿ ಗವಾಯಿಗಳ ಶಿಷ್ಯರೇ ಬಸವರಾಜ ರಾಜಗುರು. ಅವರ ವಚನ ಗಾಯನ ಕೇಳಿದೆ. ಅಲ್ಲಿಂದ ಮಲ್ಲಿಕಾರ್ಜುನ ಮನ್ಸೂರರ ವಚನಕ್ಕೆ ಬಂದೆ. ಮನ್ಸೂರರೂ ಹುಡುಗರಾಗಿದ್ದಾಗ ನಾಟಕದಲ್ಲಿ ಬಣ್ಣ ಹಚ್ಚಿದವರು. ಆಮೇಲೆ ಮಿರಜಿನ ನೀಲಕಂಠಬುವಾ ಅವರಲ್ಲಿ, ಮುಂದೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ ಖಾನ್, ಭುರ್ಜೀ ಖಾನ್ ಅವರಲ್ಲಿ ಕಲಿತು ಜೈಪುರ-ಅತ್ರೌಲಿ ಘರಾಣೆ ಅನ್ನುವ ಗಾಯನ ಪರಂಪರೆಯ ದೊಡ್ಡ ಗಾಯಕರಾದರು. ಶಾಸ್ತ್ರೀಯ ಅಂದರೆ ನಮ್ಮಂಥವರಿಗಲ್ಲ ಅಂತ ದೂರ ಇಟ್ಟಿದ್ದ ಸಂಗೀತಕ್ಕೆ ಜಾತ್ರೆಯ ಟೆಂಟಿನಿಂದಲೇ ದಾರಿ ಇತ್ತು. ಇದು ನನ್ನ ಪಾಲಿಗೆ ಬಹಳ ದೊಡ್ಡ ವಿಷಯ. 1992ರಲ್ಲಿ ತೀರಿಕೊಂಡ ಮನ್ಸೂರರನ್ನು ಎದುರಿಗೆ ಕೂತು ಕೇಳುವ ಭಾಗ್ಯ ನನಗಿರಲಿಲ್ಲ, ಅವರ ಧ್ವನಿಮುದ್ರಣ ಇಟ್ಟುಕೊಂಡಿದ್ದೇನೆ.

ಖಯಾಲ್ ಅಂದರೆ ಹಿಂದೂಸ್ತಾನಿಯಲ್ಲಿ ಒಂದು ರಾಗವನ್ನು ಬಿಡಿಸಿ ಬಿಡಿಸಿ ಹಾಡುವ ಬಗೆ. ಉದ್ದದ ಖಯಾಲ್‌ಗೆ ಮೊದಲೇ ಕೈ ಹಾಕಬೇಡಿ. ವಿಲಂಬಿತದಲ್ಲಿ, ಅಂದರೆ ನಿಧಾನದ ನಡೆಯಲ್ಲಿ, ಮೊದಲ ಹತ್ತು ನಿಮಿಷ ಏನೂ ಆಗುತ್ತಿಲ್ಲ ಅನಿಸುತ್ತದೆ, ಅಲ್ಲೇ ಎಷ್ಟೋ ಜನ ಬಿಟ್ಟು ಹೋಗುತ್ತಾರೆ. ಹಳೇ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಿಂದ ಶುರು ಮಾಡಿ. ಅದರ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. ಹಾಗಾಗಿ ಹಾಡುವವರು ಇಡೀ ರಾಗವನ್ನು ಅಷ್ಟರೊಳಗೆ ತೋರಿಸಬೇಕಿತ್ತು. ಆ ಮೂರು ನಿಮಿಷವನ್ನು ಒಂದು ವಾರ ಕೇಳಿ. ಆಮೇಲೆ ಅದೇ ರಾಗದ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಓಡುವ ತಟ್ಟೆ, ಹಾಕಿ, ಇಪ್ಪತ್ತು ನಿಮಿಷದ್ದು. ಆಮೇಲೆ ಕಛೇರಿಯ ರೆಕಾರ್ಡಿಂಗ್. ಆ ಹೊತ್ತಿಗೆ ರಾಗದ ಮನೆ ನಿಮಗೆ ಪರಿಚಯವಾಗಿರುತ್ತದೆ, ಹತ್ತು ನಿಮಿಷ ಬಾಗಿಲಲ್ಲಿ ನಿಂತರೂ ಬೇಸರ ಆಗುವುದಿಲ್ಲ. ಹುಡುಕುವಾಗ ಹೆಸರಿನ ಬಗ್ಗೆ ಸ್ವಲ್ಪ ಹುಷಾರು: ಕರ್ನಾಟಕ ಸಂಗೀತದ ಮೋಹನಕ್ಕೆ ಹಿಂದೂಸ್ತಾನಿಯಲ್ಲಿ ಹತ್ತಿರದ್ದು ಭೂಪ್. ನಮ್ಮ ಹಿಂದೋಳಕ್ಕೆ ಅಲ್ಲಿ ಮಾಲ್‌ಕೌಂಸ್. ಹಿಂದೂಸ್ತಾನಿಯಲ್ಲಿ ಹಿಂದೋಲ್ ಅಂತ ಹುಡುಕಿದರೆ ಬೇರೆಯೇ ರಾಗ ಸಿಗುತ್ತದೆ.

ಸಿನಿಮಾ ಹಾಡು ಇಷ್ಟದವರು ನಟರ ಹೆಸರು ಬಿಟ್ಟು ಸಂಗೀತ ನಿರ್ದೇಶಕರ ಹೆಸರು ಬರೆದುಕೊಳ್ಳಿ. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ, ವಿಜಯಭಾಸ್ಕರ್, ಹಂಸಲೇಖ, ಪ್ರತಿಯೊಬ್ಬರದ್ದೂ ಬೇರೆ ಬೇರೆ ರುಚಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅವರ ಜೊತೆ ಕೆಲಸ ಮಾಡಿದವರು ಯಾರು ಅಂತ ನೋಡಿ. ಇಳಯರಾಜ ಮೊದಲು ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದವರು. ಇದು ಗೊತ್ತಾದ ಮೇಲೆ ಇಬ್ಬರನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ, ಪಿಟೀಲುಗಳ ಗುಂಪು ಬರುವ ಜಾಗದಲ್ಲಿ ಕಿವಿ ಕೊಡಿ.

ಕೇಳುವ ಕ್ರಮ ನನ್ನದು ಇದು. ವಾರಕ್ಕೆ ಒಂದೇ ಹೊಸದು. ಮೊದಲ ಸಲ ಕೆಲಸ ಮಾಡುತ್ತಾ, ಎರಡನೇ ಸಲ ಕುಂದವಾಡ ಕೆರೆ ಸುತ್ತುವಾಗ, ಮೂರನೇ ಸಲ ಸುಮ್ನೆ ಕೂತು, ಕಣ್ಣು ಮುಚ್ಚಿ, ಫೋನ್ ಮಗುಚಿ ಇಟ್ಟು. ಮೂರು ಸಲ ಆದ ಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಇಷ್ಟವಾಗಲಿಲ್ಲ ಅಂತಾದರೂ ಬರೆಯಿರಿ, ಯಾಕೆ ಅಂತಲೂ ಬರೆಯಿರಿ. ಎರಡು ವರ್ಷದ ಹಿಂದೆ 'ದನಿ ಒರಟು, ಬೇಡ' ಅಂತ ನಾನೇ ಬರೆದ ಗಾಯಕಿಯೊಬ್ಬರು ಈಗ ನನಗೆ ದಿನಾ ಬೇಕು. ಗಂಗೂಬಾಯಿ ಹಾನಗಲ್ ಅವರು. ಆ ದಪ್ಪ ದನಿಯೇ ಅವರ ಬಲ ಅಂತ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು, ನೋಟ್‌ಬುಕ್ ಇಲ್ಲದಿದ್ದರೆ ಈ ಬದಲಾವಣೆ ನನಗೇ ಕಾಣುತ್ತಿರಲಿಲ್ಲ.

ಆ್ಯಪ್‌ಗಳನ್ನು ಬಿಡಿ ಅನ್ನುವುದಿಲ್ಲ. ಹೊಸದನ್ನು ರುಚಿ ನೋಡಲು ಅವು ಬಹಳ ಅನುಕೂಲ. ಆದರೆ ನೀವು ನಿನ್ನೆ ಕೇಳಿದ್ದಕ್ಕೆ ಹತ್ತಿರದ್ದನ್ನೇ ಅವು ಇವತ್ತೂ ತಂದು ಬಡಿಸುತ್ತವೆ, ಮನೆಯಲ್ಲಿ ಮಗು ಎರಡು ದಿನ ಶಿಶುಗೀತೆ ಕೇಳಿದರೆ ವಾರವಿಡೀ ಶಿಶುಗೀತೆ. ಇನ್ನೊಂದು ವಿಷಯ, ಅಲ್ಲಿರುವ ಹಾಡು ನಿಮ್ಮದಲ್ಲ. ಕಂಪನಿಗಳ ನಡುವಿನ ಒಪ್ಪಂದ ಮುಗಿದರೆ ಹಾಡು ಎದ್ದು ಹೋಗುತ್ತದೆ. ನಾನು ಕಷ್ಟಪಟ್ಟು ಜೋಡಿಸಿದ್ದ ಒಂದು ಪಟ್ಟಿಯಲ್ಲಿ ಒಂದು ಬೆಳಿಗ್ಗೆ ಹನ್ನೊಂದು ಹಾಡು ಬೂದು ಬಣ್ಣಕ್ಕೆ ತಿರುಗಿದ್ದವು, ಒತ್ತಿದರೆ ಮಾತಿಲ್ಲ. ಅವತ್ತು ನಿಜವಾಗಿ ಸಂಕಟವಾಯಿತು. ಅವತ್ತಿನಿಂದ, ಮೂರು ಸಲ ಕೇಳಿ ಉಳಿದದ್ದನ್ನು ದುಡ್ಡು ಕೊಟ್ಟು ಫೈಲ್ ಆಗಿಯೋ ಸಿ.ಡಿ. ಆಗಿಯೋ ತಗೊಳ್ಳುತ್ತೇನೆ. ಹಾಡಿದವರಿಗೆ ನಾಲ್ಕು ಕಾಸು ಸೇರಲಿ ಅಂತಲೂ ಹೌದು. ತುಂಬಾ ಹಳೆಯದಾದರೆ ಬೇರೆ ದಾರಿ ಇದೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ, ಸಾಹಿತ್ಯ ಮತ್ತು ಸ್ವರ ಸಂಯೋಜನೆಯ ಹಕ್ಕಿನ ಲೆಕ್ಕ ಬೇರೆ. ಹಳೇ 78 ತಟ್ಟೆಗಳ ಎಷ್ಟೋ ಮುದ್ರಣಗಳನ್ನು ಸಂಗ್ರಾಹಕರು ಇಂಟರ್ನೆಟ್ ಆರ್ಕೈವ್‌ನಲ್ಲಿ ಹಾಕಿದ್ದಾರೆ.

ಈಗ ಕ್ಯಾಸೆಟ್. ಮನೆಯ ಅಟ್ಟ ಹುಡುಕಿ, ಖಂಡಿತ ಒಂದು ರಟ್ಟಿನ ಪೆಟ್ಟಿಗೆ ಇರುತ್ತದೆ. ಅಂಗಡಿಯಲ್ಲಿ ಕೊಂಡದ್ದು ಬಿಡಿ, ಕೈಬರಹದ ಚೀಟಿ ಅಂಟಿಸಿದ ಕ್ಯಾಸೆಟ್ ಇದ್ದರೆ ಅದನ್ನು ಮೊದಲು ತೆಗೆಯಿರಿ. ಅಂಥದ್ದು ಪ್ರಪಂಚದಲ್ಲಿ ಒಂದೇ ಇರೋದು. ನಮ್ಮನೆಯಲ್ಲಿ ಸಿಕ್ಕಿದ್ದು ಅಪ್ಪನ ಅಕ್ಷರದಲ್ಲಿ 'ಭಜನೆ, ಶ್ರಾವಣ' ಅಂತ ಬರೆದ 60 ನಿಮಿಷದ ಕ್ಯಾಸೆಟ್, ಮಗ್ಗುಲಿಗೆ ಅರ್ಧ ಗಂಟೆ. ಖುಷಿಯಲ್ಲಿ ತಕ್ಷಣ ಪ್ಲೇಯರ್‌ಗೆ ಹಾಕಬೇಡಿ. ಬೆಳಕಿಗೆ ಹಿಡಿದು ನೋಡಿ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಇದ್ದರೆ ಬೂಷ್ಟು ಹಿಡಿದಿದೆ ಅಂತ, ಅದನ್ನು ಹಾಗೇ ಹಾಕಿದರೆ ಪ್ಲೇಯರಿಗೂ ಅಂಟುತ್ತದೆ. ಕೆಳಗಿನ ಬಾಯಿಯಲ್ಲಿ, ಟೇಪಿನ ಹಿಂದೆ, ತೆಳು ತಗಡಿನ ಮೇಲೆ ಉಗುರಿಗಿಂತ ಚಿಕ್ಕ ಮೆತ್ತನೆ ತುಂಡೊಂದು ಇರಬೇಕು. ಟೇಪನ್ನು ಹೆಡ್‌ಗೆ, ಅಂದರೆ ಪ್ಲೇಯರಿನಲ್ಲಿ ಟೇಪಿನ ದನಿ ಓದುವ ಭಾಗಕ್ಕೆ, ಒತ್ತಿ ಹಿಡಿಯುವುದು ಅದೇ. ಹಳೇ ಕ್ಯಾಸೆಟ್‌ಗಳಲ್ಲಿ ಅದರ ಅಂಟು ಒಣಗಿ ಉದುರಿರುತ್ತದೆ, ಆಗ ದನಿ ಗುಹೆಯೊಳಗಿಂದ ಬಂದ ಹಾಗೆ ಮಂಕಾಗುತ್ತದೆ. ನಮ್ಮದರಲ್ಲೂ ಉದುರಿತ್ತು. ಬೇಡದ ಒಂದು ಕ್ಯಾಸೆಟ್‌ನ ಮೊಳೆ ಬಿಚ್ಚಿ, ಅದರ ತಗಡನ್ನು ತುಂಡಿನ ಸಮೇತ ಚಿಮುಟದಲ್ಲಿ ತೆಗೆದು ಇದಕ್ಕೆ ಕೂರಿಸಿದೆ. ಸಣ್ಣ ಸ್ಕ್ರೂಡ್ರೈವರ್ ಇದ್ದರೆ ಸಾಕು, ಮೊಳೆಗಳನ್ನು ಒಂದು ತಟ್ಟೆಯಲ್ಲಿ ಹಾಕಿಟ್ಟುಕೊಳ್ಳಿ.

ಸಡಿಲಾದ ಟೇಪನ್ನು ಪೆನ್ಸಿಲ್ ಹಾಕಿ ಬಿಗಿ ಮಾಡಿ. ಪ್ಲೇಯರಿನ ಹೆಡ್ಡನ್ನು ಹತ್ತಿಕಡ್ಡಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಒರೆಸಿ, ಹತ್ತಿ ಕಂದು ಬಣ್ಣಕ್ಕೆ ಬರುವುದು ನಿಲ್ಲುವ ತನಕ. ಹಾಡಿಸುವ ಮೊದಲು ಒಂದು ಸಲ ಪೂರ್ತಿ ಮುಂದೆ, ಒಂದು ಸಲ ಪೂರ್ತಿ ಹಿಂದೆ ಓಡಿಸಿ. ವರ್ಷಗಟ್ಟಲೆ ಸುತ್ತಿ ಕೂತ ಟೇಪು ಬಿಡಿಬಿಡಿಯಾಗುತ್ತದೆ. ಆಮೇಲೆ ಪ್ಲೇಯರಿನ ಹೆಡ್‌ಫೋನ್ ಕಿಂಡಿಯಿಂದ ಕಂಪ್ಯೂಟರಿಗೆ ಒಂದು ವೈರ್. ಲ್ಯಾಪ್‌ಟಾಪ್‌ನಲ್ಲಿ ಸರಿಯಾದ ಕಿಂಡಿ ಇಲ್ಲದಿದ್ದರೆ ಲೈನ್-ಇನ್, ಅಂದರೆ ಹೊರಗಿನ ದನಿ ಒಳಗೆ ತಗೊಳ್ಳುವ ಕಿಂಡಿ, ಇರುವ ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕಾಗುತ್ತದೆ. ಆಡಾಸಿಟಿ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡು, 44.1 ಕಿಲೋಹರ್ಟ್ಸ್, 16 ಬಿಟ್ ಇಟ್ಟು ರೆಕಾರ್ಡ್ ಮಾಡಿ. ದನಿ ಜೋರಾದ ಜಾಗದಲ್ಲೂ ಮೀಟರ್ ಕೆಂಪು ಮುಟ್ಟಬಾರದು. ವೇವ್ ಫೈಲ್ ಆಗಿ ಉಳಿಸಿದರೆ ನಿಮಿಷಕ್ಕೆ 10 ಎಂಬಿ ಆಗುತ್ತದೆ, 60 ನಿಮಿಷಕ್ಕೆ 600 ಎಂಬಿ ದಾಟುತ್ತದೆ. ಅದನ್ನೇ ಫ್ಲ್ಯಾಕ್ ಅನ್ನುವ ಬಗೆಯ ಫೈಲ್ ಮಾಡಿದರೆ ಗುಣ ಒಂದಿಷ್ಟೂ ಕೆಡದೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದು ಮೂಲ ಪ್ರತಿ, ಇದಕ್ಕೆ ಕೈ ಹಚ್ಚಬೇಡಿ. ಸದ್ದು ತೆಗೆಯುವ ಆಟವೆಲ್ಲ ನಕಲಿನ ಮೇಲೆ ಆಡಿ. ಸುಯ್ ಅನ್ನುವ ಸದ್ದನ್ನು ಪೂರ್ತಿ ತೆಗೆಯಲು ಹೋದರೆ ತಾಳದ ನಾದವೂ ಜೊತೆಗೆ ಹೋಗುತ್ತದೆ, ಮನುಷ್ಯರ ದನಿ ನೀರೊಳಗೆ ಮಾತಾಡಿದ ಹಾಗೆ ಆಗುತ್ತದೆ.

ನಮ್ಮ ಆ ಕ್ಯಾಸೆಟ್‌ನ ಎರಡನೇ ಮಗ್ಗುಲಲ್ಲಿ, ಭಜನೆ ಮುಗಿದು ಮಂಗಳಾರತಿಯ ಗಂಟೆ ನಿಂತ ಮೇಲೆ, ಅಪ್ಪ ಯಾರಿಗೋ "ಚಪ್ಪಲಿ ಸಿಕ್ತೇನೋ?" ಅಂತ ಕೇಳುತ್ತಾರೆ. ಅಷ್ಟೇ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಅವರ ದನಿ ನಮ್ಮ ಬಳಿ ಇರೋದು ಅದೊಂದೇ ಕಡೆ. ಹಾಗಾಗಿ ಹಾಡು ಮುಗಿಯಿತು ಅಂತ ಕೊನೆಯ ನಿಮಿಷವನ್ನು ಯಾವತ್ತೂ ಕತ್ತರಿಸಬೇಡಿ.

ಫೈಲ್‌ಗೆ ಹೆಸರಿಡುವುದು, ಜೋಪಾನ ಮಾಡುವುದು ಬೇಸರದ ಕೆಲಸ, ಬೇಗ ಮುಗಿಸೋಣ. ಹಾಡಿದವರು, ಹಾಡು ಅಥವಾ ರಾಗ, ವರ್ಷ, ಎಲ್ಲಿಂದ ಸಿಕ್ಕಿದ್ದು. ಇದೇ ಕ್ರಮದಲ್ಲಿ ಎಲ್ಲಕ್ಕೂ ಹೆಸರಿಡಿ, ನಡುವೆ ಕ್ರಮ ಬದಲಿಸಬೇಡಿ. ಕಾರಿಗೆ, ಫೋನಿಗೆ 320 ಕೆಬಿಪಿಎಸ್ ಎಂಪಿ3 ಮಾಡಿಕೊಳ್ಳಿ. ಕೆಬಿಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಮಾಹಿತಿ ಅನ್ನುವ ಲೆಕ್ಕ. ಐದು ನಿಮಿಷದ ಹಾಡು 12 ಎಂಬಿ ಆಗುತ್ತದೆ. ಕಾರಿನ ಸ್ಟೀರಿಯೋ ಪೆನ್‌ಡ್ರೈವ್ ಓದದಿದ್ದರೆ ಅದನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ನೋಡಿ. 128 ಕೆಬಿಪಿಎಸ್‌ನ ಫೈಲನ್ನು 320 ಮಾಡಿದರೆ ಜಾಗ ಹಾಳು, ಗುಣ ಏರುವುದಿಲ್ಲ. ಎಲ್ಲದರ ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ. ನನ್ನದು ಚಿತ್ರದುರ್ಗದಲ್ಲಿ ಅಕ್ಕನ ಬೀರುವಿನಲ್ಲಿದೆ, ಯುಗಾದಿಗೆ ಹೋದಾಗ ಹೊಸದನ್ನು ಸೇರಿಸಿ ಬರುತ್ತೇನೆ. ಒಮ್ಮೆ ಇದ್ದ ಒಂದೇ ಹಾರ್ಡ್‌ಡಿಸ್ಕ್ ಕೆಟ್ಟು ಮೂರು ವರ್ಷದ್ದು ಹೋಗಿತ್ತು, ಆ ನೋವು ನಿಮಗೆ ಬೇಡ.

ಸ್ನೇಹಿತರ ಜೊತೆ ಹಾಡು ಬದಲಾಯಿಸಿಕೊಳ್ಳಿ. ನಾವು ಮೂವರು ತಿಂಗಳಿಗೊಮ್ಮೆ ಬೆಣ್ಣೆದೋಸೆಗೆ ಸೇರುತ್ತೇವೆ, ಒಬ್ಬೊಬ್ಬರು ಐದೈದು ಹಾಡಿನ ಹೆಸರು ಚೀಟಿಯಲ್ಲಿ ಬರೆದು ತರಬೇಕು. ಯಾಕೆ ಚೆನ್ನಾಗಿದೆ ಅಂತ ವಿವರಿಸುವಂತಿಲ್ಲ. ಕೇಳಿ ಬಂದು ಮುಂದಿನ ತಿಂಗಳು ಮಾತು.

ಕೊನೆಗೆ, ನನ್ನ ಸಂಗ್ರಹದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಎಲ್ಲೂ ಕೊಳ್ಳಲು ಸಿಗುವುದಿಲ್ಲ. ನಿಮ್ಮನೆಯಲ್ಲೂ ಅಂಥದ್ದು ಇರುತ್ತದೆ. ನಮ್ಮ ಚಿತ್ರದುರ್ಗ ಸೀಮೆ ಪದಗಳ ಸೀಮೆ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದ ಬಾಯಲ್ಲೇ ಇಟ್ಟುಕೊಂಡಿದ್ದರು. ಕಾಡುಗೊಲ್ಲರ ಹಟ್ಟಿಗಳಲ್ಲಿ ತಮ್ಮ ದೈವ ಜುಂಜಪ್ಪನ ಪದಕ್ಕೆ ಗಣೆ ಊದುತ್ತಾರೆ, ಬಹಳ ಉದ್ದದ ಕೊಳಲು ಅದು. ಇದೆಲ್ಲ ದೊಡ್ಡವರ ಕೆಲಸ ಅಂತ ಬಿಡಬೇಡಿ. ಅಜ್ಜಿ, ಅತ್ತೆ, ದೊಡ್ಡಮ್ಮ ಹೇಳುವ ನಾಲ್ಕು ಸೋಬಾನೆ ಪದವೂ ಇದೇ ಸಾಲಿನದು.

"ಹಾಡು ಹಾಡಿ" ಅಂತ ಫೋನ್ ಮುಖಕ್ಕೆ ಹಿಡಿದರೆ ಯಾರೂ ಹಾಡುವುದಿಲ್ಲ. ದೊಡ್ಡಮ್ಮ ಮೊದಲ ದಿನ "ಇದೇನು ಹಾಡಾ ಮಗಾ, ಕೆಲಸದ ಪದ" ಅಂತ ಎದ್ದು ಹೋದರು. ಎರಡನೇ ಸಲ ಹೋದಾಗ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು, ನಾನೂ ಮೊರದ ಮುಂದೆ ಕೂತೆ. ರೆಕಾರ್ಡ್ ಮಾಡಲಾ ಅಂತ ಕೇಳಿ, ಹ್ಞೂಂ ಅನ್ನಿಸಿಕೊಂಡೇ ಮಾಡಿ. ಫ್ಯಾನ್ ಆರಿಸಿ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲೆ, ಅವರಿಂದ ಒಂದು ಮೊಳ ದೂರದಲ್ಲಿ, ಮೈಕಿನ ಕಡೆ ಅವರತ್ತ ಇರುವಂತೆ ಇಡಿ. ನೆಲದ ಮೇಲೆ ಬರೀ ಇಟ್ಟರೆ ಮೊರ ಸರಿಸಿದ ಸದ್ದೆಲ್ಲ ಗುಡುಗಿನಂತೆ ಸೇರುತ್ತದೆ. ಫೋನಿನ ರೆಕಾರ್ಡರ್ ಬಳಸಿ, ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್ ಬೇಡ, ಅದು ದನಿಯನ್ನು ತೀರಾ ಕುಗ್ಗಿಸುತ್ತದೆ. ಶುರುವಿನಲ್ಲಿ ಊರು, ತಾರೀಕು, ಪದ ಹೇಳುವವರ ಹೆಸರು ನೀವೇ ಹೇಳಿಬಿಡಿ. ಯಾರಿಂದ ಕಲಿತದ್ದು, ಯಾವ ಹೊತ್ತಲ್ಲಿ ಹೇಳುತ್ತಿದ್ದದ್ದು ಅಂತ ಆಮೇಲೆ ಕೇಳಿ. ಆ ಮಾತೂ ರೆಕಾರ್ಡ್ ಆಗಲಿ.

ಆ ಫೈಲ್ 14 ನಿಮಿಷದ್ದು. ಶೇಂಗಾ ಕಾಯಿ ಒಡೆಯುವ ಚಟ್ ಚಟ್ ಸದ್ದು ಉದ್ದಕ್ಕೂ ಇದೆ, ಪದದ ನಡೆಗೆ ಸರಿಯಾಗಿ ಬೀಳುತ್ತದೆ. ಸಂಜೆ ಅದನ್ನೇ ದೊಡ್ಡಮ್ಮನಿಗೆ ಕೇಳಿಸಿದೆ. ಫೋನನ್ನು ಕಿವಿಗೆ ಹಚ್ಚಿಕೊಂಡು ಪೂರ್ತಿ ಕೇಳಿದರು, ನಡುವೆ ಒಂದು ಕಡೆ ಕೈ ಎತ್ತಿದರು. "ಇಲ್ಲೊಂದು ನುಡಿ ಬಿಟ್ಟೀನಿ. ನಮ್ಮವ್ವ ಹೇಳೋಳು. ತಡಿ, ಇನ್ನೊಂದ್ ಸಲ ಹಾಕು ಅದನ್ನ" ಅಂದರು. ಟವೆಲ್ ಮಡಚಿ ಅವರೇ ನೆಲದ ಮೇಲೆ ಇಟ್ಟರು.